ಗಂಡಿನ ಕಡೆಯ ಉತ್ತರ

"ಎದುರಿಗೆ ಇನ್ನೊಂದು ಚಾಪೆ ಆಸಮ್ಮ," ಎಂದಳು ಚಿಕ್ಕಮುನಿಯಮ್ಮ.

ಊರಿಗಾಂನ ಹಳೆಯ ಚಿನ್ನದ ಗಣಿ ಕಂಪನಿಯ ಕಟ್ಟಡದಲ್ಲಿ ಕ್ಯಾಮೆರಾ ನಿಲ್ಲಿಸುತ್ತಿದ್ದ ಲಿಖಿತ ಸುತ್ತ ನೋಡಿದಳು. ಹಾಡಲು ಬಂದವಳು ಈ ಮುದುಕಿ ಒಬ್ಬಳೇ. ಆದರೂ ಎದ್ದುಹೋಗಿ ಚಾಪೆ ತಂದು ಹಾಸಿದಳು. ಕಾಲ ಬದಲಾದಂತೆ ಜನ ಕೈಬಿಟ್ಟ ಹಾಡುಗಾರರನ್ನು ಹುಡುಕಿ, ಅವರ ಹಾಡನ್ನು ಫೋನಿನಲ್ಲಿ ಊರಿಗೆಲ್ಲ ಕೇಳಿಸಿ, ಮತ್ತೆ ನಾಲ್ಕು ಮದುವೆಗಳಿಗೆ ಕರೆ ಬರುವಂತೆ ಮಾಡುವುದು ಲಿಖಿತಳ ಸಂಸ್ಥೆಯ ಕೆಲಸ. ಚಿಕ್ಕಮುನಿಯಮ್ಮನಿಗೆ ಬೇಕಾಗಿದ್ದದ್ದೂ ಅಷ್ಟೇ. ಕಣ್ಣು ಮುಚ್ಚುವ ಮುನ್ನ ಇನ್ನೊಂದು ಚಪ್ಪರದಡಿ ಕೂತು ಹಾಡಬೇಕು.

ಬಂಗಾರಪೇಟೆಯ ಸುತ್ತಿನಲ್ಲಿ ಹಿಂದೆ ಬೀಗರ ಹಾಡಿಲ್ಲದೆ ತಾಳಿ ಬಿಗಿಯುತ್ತಿರಲಿಲ್ಲ ಎನ್ನುತ್ತಾರೆ. ಹೆಣ್ಣಿನ ಕಡೆಯವಳು ಮದುಮಗನನ್ನು ಹಾಡಿನಲ್ಲೇ ಹೀಯಾಳಿಸಬೇಕು. ಗಂಡಿನ ಕಡೆಯವಳು ಹಾಡಿನಲ್ಲೇ ಉತ್ತರ ಕೊಡಬೇಕು. ಹೀಯಾಳಿಸುವುದರಲ್ಲಿ ನಂದಿದುರ್ಗ ಗಣಿಯ ಕೂಲಿ ಲೈನುಮನೆಗಳ ಮಂಗಮ್ಮನನ್ನು ಮೀರಿಸುವವರಿರಲಿಲ್ಲ. ಉತ್ತರ ಕೊಡುವುದರಲ್ಲಿ ಚಿಕ್ಕಮುನಿಯಮ್ಮನನ್ನು. ಬೈಗುಳ ತೆಲುಗಿನಲ್ಲಿ ಬರುತ್ತಿತ್ತು, ಉತ್ತರ ಕನ್ನಡದಲ್ಲಿ ಹೋಗುತ್ತಿತ್ತು. ಚಪ್ಪರದಾಚೆ ಇಬ್ಬರೂ ಒಬ್ಬರ ಹೊಸ್ತಿಲನ್ನು ಒಬ್ಬರು ತುಳಿದವರಲ್ಲ. ಹೋದ ಬೇಸಿಗೆಯಲ್ಲಿ ಮಂಗಮ್ಮ ತೀರಿಕೊಂಡಾಗ ಇವಳಿಗೆ ಸುದ್ದಿ ಮುಟ್ಟಿದ್ದು ತಿಥಿಯೂ ಮುಗಿದ ಮೇಲೆ. ಜೀವಮಾನವೆಲ್ಲ ಬೈದಾಡಿಕೊಂಡವರಿಗೆ ಸಾವಿನ ಸುದ್ದಿಯನ್ನು ಯಾರು ಹೇಳಿಕಳಿಸುತ್ತಾರೆ?

"ಎರಡೂ ಕಡೆಯದನ್ನ ನೀವೇ ಹಾಡಿಬಿಡಿ ಅಜ್ಜಿ," ಎಂದಳು ಲಿಖಿತ.

"ಗಂಡಿನ ಮನೆ ಊಟ ಉಂಡು ಮದ್ಲಿಂಗನ್ನ ಕುಂಟ ಅನ್ನಾಕಾಯ್ತದಾ? ನಾಲ್ಗೆ ಬಿದ್ದೋಯ್ತದೆ."

"ಹಾಡು ತಾನೇ?"

"ಆಡೇ ಕಣಮ್ಮ. ನಾನೇ ಬೈದು ನಾನೇ ಜವಾಬು ಕೊಟ್ರೆ, ಮುದ್ಕಿಗೆ ಉಚ್ಚು ಇಡಿದೈತೆ ಅಂತಾರೆ."

ಲಿಖಿತ ನಕ್ಕು ಕ್ಯಾಮೆರಾ ಚಾಲೂ ಮಾಡಿದಳು. ಚಿಕ್ಕಮುನಿಯಮ್ಮ ಬಾಯಿ ತೆರೆಯಲಿಲ್ಲ. ಎದುರಿನ ಬರಿ ಚಾಪೆಯನ್ನೇ ನೋಡುತ್ತ ಕೂತಳು. ಅಲ್ಲಿ ಮಂಗಮ್ಮ ಎಲೆಅಡಿಕೆಯ ಉಂಡೆಯನ್ನು ಎಡದವಡೆಗೆ ತಳ್ಳಿ, ಮೂಗುತಿಯ ಮೂಗನ್ನು ಮೇಲೆತ್ತಿ, ನಿಮ್ಮ ಹುಡುಗನಿಗೆ ಒಂದು ಕಾಲು ಮೋಟಂತಲ್ಲ ಎಂದು ತೆಲುಗಿನಲ್ಲಿ ಎಳೆದೆಳೆದು ಹಾಡಿದಳು. ಆ ಎಳೆತ ಮುಗಿದು, ಚಪ್ಪರದ ಹೆಂಗಸರ ನಗು ಇಳಿಯುವವರೆಗೂ ಕಾದು ಚಿಕ್ಕಮುನಿಯಮ್ಮ ದನಿ ಎತ್ತಿದಳು:

"ಕುಂಟನಲ್ಲ ಕಣೇ ಬೀಗಿತ್ತಿ, ಕುದುರೆ ಏರಿ ಬಂದವ್ನೆ..."

ಮತ್ತೆ ಸುಮ್ಮನಾದಳು. ಹೊರಗೆ ಮಾರಿಕುಪ್ಪಂ ರೈಲು ಕೂಗಿಕೊಂಡು ಹೋಯಿತು. ಮಂಗಮ್ಮ ಈಗ ಹುಡುಗನ ಕಾಲು ಬಿಟ್ಟು ಕಣ್ಣಿಗೆ ಬಂದಿದ್ದಳು. ಚಿಕ್ಕಮುನಿಯಮ್ಮನ ಮುಖ ಮೊದಲು ಬಿಗಿಯಿತು. ಆಮೇಲೆ ತುಟಿಯ ತುದಿಯಲ್ಲಿ ನಗು ತಡೆಯಲಾಗದಾಯಿತು.

"ಕುರುಡನಲ್ಲ ಕಣೇ ಬೀಗಿತ್ತಿ, ಕತ್ಲಲ್ಲಿ ಸೂಜಿ ಪೋಣಿಸ್ತಾನೆ..."

ಲಿಖಿತ ನಡುವೆ ತಡೆಯಲಿಲ್ಲ. ಹಾಡು ಮುಗಿದ ಮೇಲೆ ಎದುರಿನ ಚಾಪೆಯನ್ನು ಮುದುಕಿಯೇ ದೂಳು ಕೊಡವಿ ಸುತ್ತಿ, ಗೋಡೆಗೆ ಒರಗಿಸಿಟ್ಟಳು.

ತಿಂಗಳು ತುಂಬುವ ಮೊದಲೇ ಲಿಖಿತ ಮುದುಕಿಯ ಹಳ್ಳಿಗೆ ಬಂದಳು. ಚಿಕ್ಕಮುನಿಯಮ್ಮ ಡೇರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತಿದ್ದಳು. ಲಿಖಿತಳ ಕೈಯಲ್ಲಿ ವೀಳ್ಯವಿತ್ತು.

"ಬಂಗಾರಪೇಟೆ ಛತ್ರದಲ್ಲಿ ಮದುವೆ ಅಜ್ಜಿ. ಗಂಡಿನ ಕಡೆಯೋರು ಫೋನಲ್ಲಿ ನಿಮ್ಮ ಹಾಡು ಕೇಳಿದಾರೆ. ನೀವೇ ಬೇಕು ಅಂತ ವೀಳ್ಯ ಕಳಿಸಿದಾರೆ."

ವೀಳ್ಯ ಹಿಡಿದರೆ ಒಪ್ಪಿದಂತೆ. ಮುದುಕಿ ಸೆರಗಿಗೆ ಕೈ ಒರೆಸಿಕೊಂಡು ಚಾಚಿದಳು. ಚಾಚಿದ ಕೈಯನ್ನು ಅರ್ಧದಲ್ಲೇ ತಡೆದು ಕೇಳಿದಳು: "ಎಣ್ಣಿನ ಕಡೆ ಆಡೋರು ಯಾರು?"

"ಅವರು ಡಿಜೆಗೆ ಹೇಳಿದಾರಂತೆ."

"ಅದು ಎಷ್ಟು ಅರಚಿಕೊಂಡ್ರೂ ಬಯ್ಯಾಕೆ ಬರಾಕಿಲ್ಲ. ಓಗ್ಲಿ ಬಿಡು. ಮೊದ್ಲು ನಮ್ದು ತೋರ್ಸು."

ಲಿಖಿತ ವೀಳ್ಯವನ್ನು ಜಗಲಿಯ ಮೇಲಿಟ್ಟು, ಪಕ್ಕದಲ್ಲೇ ಕೂತು ಫೋನು ತೆಗೆದಳು. ಫೋನಿನ ಪುಟ್ಟ ಚೌಕದಲ್ಲಿ ಮುದುಕಿಯ ಮುಖವೊಂದೇ ತುಂಬಿಕೊಂಡಿತ್ತು. ಎದುರಿನ ಚಾಪೆ ಎಲ್ಲಿಯೂ ಇರಲಿಲ್ಲ. ಕುಂಟನಲ್ಲ ಎಂದಳು. ಉಸಿರು ಬಿಡುವ ಮೊದಲೇ ಕುರುಡನಲ್ಲ ಎಂದಳು. ಅದರ ಬೆನ್ನಿಗೇ ಕಳ್ಳನಲ್ಲ, ಕುಡುಕನಲ್ಲ ಎಂದಳು. ರೈಲೂ ಕೂಗಲಿಲ್ಲ.

"ಇನ್ನೊಂದ್ಸಲ ಆಕು," ಎಂದು ಈ ಸಲ ಫೋನನ್ನು ಕಿವಿಗೇ ಒತ್ತಿ ಹಿಡಿದಳು. ಹಾಡು ಮುಗಿದರೂ ಕೆಳಗಿಳಿಸಲಿಲ್ಲ.

"ನಡುನಡುವೆ ಖಾಲಿ ಇತ್ತಲ್ಲ ಅಜ್ಜಿ, ಆಫೀಸಿನಲ್ಲಿ ಅದನ್ನ ಕತ್ತರಿಸಿದರು," ಎಂದಳು ಲಿಖಿತ. "ಸದ್ದಿಲ್ಲದಿದ್ರೆ ಜನ ಕಾಯಲ್ಲ, ಬೆರಳಲ್ಲಿ ಮುಂದಕ್ಕೆ ತಳ್ಳಿಬಿಡ್ತಾರೆ." ಅವಳ ದನಿ ತಗ್ಗಿತು. "ನಾನು ಬೇಡ ಅಂದೆ."

ಚಿಕ್ಕಮುನಿಯಮ್ಮ ಫೋನನ್ನು ವೀಳ್ಯದ ಮೇಲಿಟ್ಟು, ಎರಡನ್ನೂ ಮೆಲ್ಲಗೆ ಲಿಖಿತಳ ಮಡಿಲಿಗೆ ಸರಿಸಿದಳು.

"ಇದ್ರಾಗೆ ನಮ್ ಉಡುಗನ್ನ ಯಾರೂ ಏನೂ ಅಂದೇ ಇಲ್ವಲ್ಲಮ್ಮ," ಎಂದಳು. "ನಾನೊಬ್ಳೇ ಅಲ್ಲ, ಅಲ್ಲ ಅಂತ ಬಡ್ಕಂತಾ ಇವ್ನಿ."