ಅಕ್ಕೋರ ದನಿಯ ಡಬ್ಬಿ

ಶಾಲೆಯ ಸೂರಿಗೆ ಹೆಜ್ಜೇನು ಕಟ್ಟಿದ್ದರಿಂದ ಎಂಟು ದಿನ ರಜೆ ಸಿಕ್ಕಿತ್ತು. ಪಾಠಕ್ಕೆ ಮಾತ್ರ ರಜೆ ಇರಲಿಲ್ಲ. ಪಾಠ ಹೇಳುವ ಅಕ್ಕೋರು ರಜೆ ಬಂದಾಗಲೆಲ್ಲ ಮಾಡುವಂತೆ ತಮ್ಮ ದನಿಯನ್ನು ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಮನೆಮನೆಗೆ ಕಳಿಸುತ್ತಿದ್ದರು. ಮುಚ್ಚಳ ತೆಗೆದರೆ ಪಾಠ ಒಮ್ಮೆ ಕೇಳಿಸಿ ಗಾಳಿಗೆ ಹೋಗುತ್ತಿತ್ತು.

ಖಾರದಪುಡಿ ಹುಡುಕುತ್ತಿದ್ದ ನೀಲವ್ವ, ಮೊಮ್ಮಗಳು ಕಸ್ತೂರಿಯ ಪಾಠದ ಡಬ್ಬಿಯನ್ನೇ ತೆರೆದುಬಿಟ್ಟಳು.

"ಮಕ್ಕಳೇ, ಕಾದ ನೀರು ಆವಿಯಾಗಿ ಮೇಲೇರುತ್ತದೆ..."

ಮುಚ್ಚಬೇಕೆಂದು ಗೊತ್ತಿದ್ದೂ ಆಕೆ ಸೌಟು ಹಿಡಿದುಕೊಂಡು ಕೊನೆಯವರೆಗೂ ಕೇಳುತ್ತ ನಿಂತಳು. ಶಾಲೆಯ ಮೆಟ್ಟಿಲನ್ನೇ ಹತ್ತದ ಜೀವ ಅದು.

"ಅಜ್ಜೀ, ಇವತ್ತ ಉತ್ತರ ತುಂಬಿ ಕಳಸಬೇಕು. ನಾ ಏನ್ ಹೇಳ್ಲಿ?" ಕಸ್ತೂರಿ ಅಳುಮೋರೆ ಮಾಡಿದಳು.

"ಬಾ ಇಲ್ಲೆ." ಅಜ್ಜಿ ಕುದಿಯುವ ಅನ್ನದ ಮುಚ್ಚಳ ಎತ್ತಿ ತೋರಿಸಿದಳು. "ಹನಿ ಕುಂತಾವಲ್ಲ, ಇದು ಮಳಿ. ಅಂದ್ರ ಈ ಮುಚ್ಚಳಾನ ಮುಗಿಲು."

ಕಸ್ತೂರಿ ಅಷ್ಟನ್ನೂ ಖಾಲಿ ಡಬ್ಬಿಯೊಳಗೆ ಒಪ್ಪಿಸಿ, "ಅಜ್ಜಿ ಹೇಳಿಕೊಟ್ಟಿದ್ದು" ಎಂದು ಸೇರಿಸಿ ಮುಚ್ಚಿದಳು.

ಮರುದಿನ ಎರಡು ಡಬ್ಬಿ ಬಂದವು. ಎರಡನೆಯದನ್ನು ನೀಲವ್ವ ಅಳುಕುತ್ತಲೇ ತೆರೆದಳು.

"ನೀಲವ್ವ," ಎಂದು ಅಕ್ಕೋರು ಹಾಜರಿ ಕೂಗಿದರು.

ನೀಲವ್ವ ಸೌಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತಳು.

"ಹಾಜರ್ ರೀ."