ವಾಂತಿ ತಡೆಯುವ ಮಾತ್ರೆ

ನಾಗಶ್ರೀ ಅಂಗೈಯಲ್ಲಿಟ್ಟು ಚಾಚಿದ ಮಾತ್ರೆಯನ್ನು ಅತ್ತೆ ಯಮುನಮ್ಮ ಮುಟ್ಟಲಿಲ್ಲ. ಇನ್ನೊಂದು ಗಂಟೆಗೆ ಕೀಮೋ ಡ್ರಿಪ್ ಹಾಕುವವರಿದ್ದರು.

"ವಾಂತಿ ಯಾಕೆ ತಡೀಬೇಕು? ಒಳಗಿರೋದು ಹೊರಗೆ ಬರಬಾರ್ದು ಅಂತಲಾ?"

"ವಾಂತಿ ಮಾಡ್ಸೋ ರಸ ಮಿದುಳಲ್ಲಿ ಬಂದು ಕೂರೋ ಜಾಗ ಒಂದಿದೆ ಅತ್ತೆ. ಸೊರಬದ ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡೀತೀವಲ್ಲ, ಹಂಗೆ ಈ ಮಾತ್ರೆ ಮೊದ್ಲೇ ಹೋಗಿ ಆ ಜಾಗ ಹಿಡಿಯುತ್ತೆ. ರಸ ಬಂದ್ರೂ ಕೂರೋಕಾಗಲ್ಲ."

ಯಮುನಮ್ಮ ತುಟಿ ಬಿಗಿದರು. ಎದೆಯಲ್ಲಿ ಗಂಟು ಕಂಡಾಗ ಅವರು ಮೊದಲು ಹೋದದ್ದು, ಆಗದವರು ಊಟದಲ್ಲಿ ಹಾಕಿದ ಕೈಮದ್ದನ್ನು ವಾಂತಿ ಮಾಡಿಸಿ ತೆಗೆಯುವವನ ಹತ್ತಿರ. ಅವನು ಕಕ್ಕಿಸಿ, ಮದ್ದು ಹಾಕಿದವಳು ಸೊಸೆಯೇ ಎಂದಿದ್ದ. ಅದನ್ನವರು ಯಾರಿಗೂ ಹೇಳಿರಲಿಲ್ಲ.

"ಅವತ್ತು ಮದ್ದು ತೆಗೆಯೋನು ನನ್ನ ಹೆಸರು ಹೇಳಿದ್ದು ಕೇಳಿಸ್ತು ಅತ್ತೆ," ಎಂದಳು ನಾಗಶ್ರೀ. "ನಿಮ್ಮ ಜೊತೆ ಬಂದಿದ್ನಲ್ಲ, ಬಾಗಿಲ ಹಿಂದೆ ಕೂತು ನೀವು ಕಕ್ಕಿದ್ದನ್ನ ಬಳಿದು ತೆಗೀತಿದ್ದೆ."

ಚಾಚಿದ ಕೈ ಹಾಗೆಯೇ ಇತ್ತು. ಯಮುನಮ್ಮ ಮಾತ್ರೆಗೆ ಬಾಯಿ ತೆರೆದರು.