ಆರೋಗ್ಯವಂತರ ಮಾದರಿ

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳೆದುರಿನ ಪರದೆಯ ಮೇಲೆ ಜೀನ್ ಪರೀಕ್ಷೆಯ ಎರಡು ಗೆರೆಗಳು ಒಂದೇ ಎತ್ತರದಲ್ಲಿ ನಿಂತಿದ್ದವು. ಒಂದು, ಮೇಲಿನ ವಾರ್ಡಿನಲ್ಲಿ ಜ್ವರದಿಂದ ನರಳುತ್ತಿದ್ದ ಅವಳ ಅತ್ತೆಯ ರಕ್ತದಲ್ಲಿ ಸಿಕ್ಕ, ಯಾವ ಔಷಧಿಗೂ ಜಗ್ಗದ ರೋಗಾಣುವಿನದು. ಇನ್ನೊಂದು, ಹೋಲಿಕೆಗೆಂದು ಇಟ್ಟಿದ್ದ ಆರೋಗ್ಯವಂತರ ಮಲದ ನಿರುಪದ್ರವಿ ಬ್ಯಾಕ್ಟೀರಿಯಾದ್ದು.

"ಎರಡರಲ್ಲೂ ಅದೇ ಜೀನ್, ನೋಡಮ್ಮ," ಎಂದರು ಲ್ಯಾಬಿನ ಹಿರಿಯರು. "ಔಷಧಿನ ಸೋಲಿಸೋ ವಿದ್ಯೆ ಇದು. ಆ್ಯಂಟಿಬಯಾಟಿಕ್ ಅರ್ಧಕ್ಕೇ ಬಿಡೋರ ಹೊಟ್ಟೇಲಿ ಬೆಳೆಯತ್ತೆ. ಕೈಗಂಟಿ ಇನ್ನೊಬ್ಬರ ಹೊಟ್ಟೆ ಸೇರಿ ಅಲ್ಲಿ ಅಕ್ಕಪಕ್ಕ ಕೂತ್ರೆ ಸಾಕು, ಪಾಪದ ಬ್ಯಾಕ್ಟೀರಿಯಾನೂ ರೋಗಾಣುಗೆ ಹೇಳ್ಕೊಟ್ಟುಬಿಡತ್ತೆ. ಹೋಲಿಕೆಗೆ ಮಾದರಿ ಕೊಡೋ ಸರದಿ ಈ ವಾರ ನಮ್ಮಲ್ಲಿ ಯಾರದಿತ್ತು?"

ಸರದಿ ಅವಳದೇ. ಹೊಟ್ಟೆ ಗುಡುಗುಡು ಎಂದಾಗಲೆಲ್ಲ, ಲ್ಯಾಬಿನವಳಿಗೆ ಡಾಕ್ಟರ ಹಂಗೇಕೆಂದು, ತಾನೇ ಎರಡು ಮಾತ್ರೆ ನುಂಗಿ ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡುತ್ತಿದ್ದಳು. ಅರ್ಧ ಖಾಲಿಯಾದ ಆ್ಯಂಟಿಬಯಾಟಿಕ್ ಸ್ಟ್ರಿಪ್ ಈಗಲೂ ಕೋಟಿನ ಜೇಬಿನಲ್ಲಿತ್ತು. ಅದೇ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

ಗಂಡ. "ಬೇಗ ಮೇಲೆ ಬಾರೆ. ನರ್ಸ್ ತಿನ್ನಿಸೋಕೆ ಹೋದ್ರೆ ಅಮ್ಮ ಬಾಯೇ ತೆಗೀತಿಲ್ಲ. ಮನೇಲಿ ದಿನಾ ಕೊಡ್ತೀಯಲ್ಲ, ನಿನ್ನ ಕೈತುತ್ತೇ ಬೇಕಂತೆ."